ಪಾತ್ರಾಭಿನಯದ ಆಟಗಳು ಆಟಗಾರನ ಕೈಯನ್ನು ಕಟ್ಟುವುದೇಕೆ?

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕುರಿತ ಕಾಯ್ದೆಯನ್ನು ಅಂಗೀಕರಿಸಿದ ಮೇಲೆ, ಮಕ್ಕಳ ಕೈಯ ಮೊಬೈಲಿನಲ್ಲಿ ಏನು ನಡೆಯುತ್ತಿದೆ ಎಂದು ಅದುವರೆಗೆ ವಿಚಾರಿಸದೆ ಇದ್ದ ಮನೆಗಳಲ್ಲಿಯೂ ಆ ಮಾತು ಬರತೊಡಗಿತು. ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆಟಗಳನ್ನು ಆ ಕಾಯ್ದೆ ನಿಷೇಧಿಸಿತು. ಇ-ಸ್ಪೋರ್ಟ್ಸ್ ಹಾಗೂ ಬರಿಯ ಮನರಂಜನೆಯ ಆಟಗಳನ್ನು ಬೇರೆಯಾಗಿ ಇರಿಸಿತು. ಆದರೆ ತುಮಕೂರಿನ ಹಾಸ್ಟೆಲುಗಳಲ್ಲಾಗಲಿ, ತಿಪಟೂರು, ಶಿರಾ, ಮಧುಗಿರಿಗಳ ಮನೆಗಳಲ್ಲಾಗಲಿ ‘ಗೇಮ್’ ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಸೇರಿಹೋಗುತ್ತದೆ. ಅದರಲ್ಲಿ ಒಂದು ಗುಂಪಿನ ಆಟಗಳನ್ನು ಆಡುವವರ ಬಾಯಲ್ಲಿ ಬರುವ ಗೊಣಗಾಟವೇ ಬೇರೆ: ‘ವೆಯ್ಟ್ ಜಾಸ್ತಿಯಾಯ್ತು, ಓಡೋಕಾಗ್ತಿಲ್ಲ’, ‘ಸ್ಪೆಲ್ ಖಾಲಿ, ರೆಸ್ಟ್ ಮಾಡ್ಬೇಕು’, ‘ಈ ಕ್ಲಾಸ್‌ಗೆ ಆ ಕತ್ತಿ ಹಿಡಿಯೋಕೆ ಬರಲ್ಲ’.

ಇವು ರೋಲ್‌ಪ್ಲೇಯಿಂಗ್ ಗೇಮ್, ಚುಟುಕಾಗಿ ಆರ್‌ಪಿಜಿ, ಎಂದು ಕರೆಯಲಾಗುವ ಆಟಗಳು. ಪಕ್ಕದಲ್ಲಿ ಕುಳಿತು ಈ ಗೊಣಗಾಟ ಕೇಳಿಸಿಕೊಳ್ಳುವವರಿಗೆ ಒಂದು ಸಂಗತಿ ವಿಚಿತ್ರವಾಗಿ ತೋರುವುದು ಸಹಜ. ಬೆಂಕಿಯುಗುಳುವ ಡ್ರ್ಯಾಗನ್ನುಗಳು ಹಾರಾಡುವ, ಸತ್ತವರು ಎದ್ದು ಬರುವ ಲೋಕವೊಂದನ್ನು ಕಲ್ಪಿಸಿಕೊಂಡ ಮೇಲೆ, ಅದರ ನಾಯಕನು ಇನ್ನೊಂದು ಕತ್ತಿಯನ್ನು ಹೆಗಲಿಗೇರಿಸಿಕೊಂಡರೆ ಹೆಜ್ಜೆ ಎತ್ತಲಾರ ಎಂಬ ನಿಯಮವನ್ನು ಯಾಕೆ ಮಾಡಬೇಕು? ಕಲ್ಪನೆಗೆ ಖರ್ಚಿಲ್ಲದಿರುವಾಗ ಅದರಲ್ಲಿಯೂ ಜಿಪುಣತನವೇಕೆ?

ಪಾತ್ರ ವಹಿಸುವ ಆಟ ಎಂದರೇನು

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಊರವರೇ ಸೇರಿ ಆಡುವ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳನ್ನು ನೋಡಿದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಅಲ್ಲಿ ಹಗಲೆಲ್ಲ ಹೊಲದಲ್ಲೋ ಅಂಗಡಿಯಲ್ಲೋ ದುಡಿದವನು ಪಾತ್ರಕ್ಕೆಂದು ತನ್ನ ಪಾಲಿನ ಹಣ ಕೊಟ್ಟು, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕಂದಪದ್ಯಗಳನ್ನು ಕಲಿತು, ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನನೋ ಭೀಮನೋ ಆಗುತ್ತಾನೆ. ಆರ್‌ಪಿಜಿಯಲ್ಲಿಯೂ ಆಗುವುದು ಇದೇ. ಆಟಗಾರನು ಒಂದು ಪಾತ್ರವನ್ನು ಆರಿಸಿಕೊಂಡು, ಅದರ ಕಣ್ಣಿನಿಂದ ಲೋಕವನ್ನು ನೋಡಿ, ಅದರ ಬಾಯಿಂದ ಮಾತನಾಡಿ, ಅದರ ಪರವಾಗಿ ತೀರ್ಮಾನಗಳನ್ನು ಕೈಗೊಳ್ಳುತ್ತಾನೆ.

ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ, ಮುಂದಿನ ಎಲ್ಲ ಮಾತೂ ಅದರ ಮೇಲೆಯೇ ನಿಂತಿದೆ. ನಾಟಕಕ್ಕೆ ಪುಸ್ತಕವಿದೆ. ದುರ್ಯೋಧನನ ಪಾತ್ರಧಾರಿ ಎಷ್ಟೇ ಚೆನ್ನಾಗಿ ಗದೆ ತಿರುಗಿಸಲಿ, ಬೆಳಗಿನ ಜಾವಕ್ಕೆ ಅವನ ತೊಡೆ ಮುರಿಯಲೇಬೇಕು. ಆರ್‌ಪಿಜಿಯಲ್ಲಿ ಆ ಪುಸ್ತಕವಿಲ್ಲ. ಪಾತ್ರವಷ್ಟೇ ಗೊತ್ತು, ಅಂತ್ಯ ಗೊತ್ತಿಲ್ಲ. ಪುಸ್ತಕವನ್ನು ಕೈಬಿಟ್ಟು ‘ನಿಮಗೆ ತೋಚಿದ್ದನ್ನು ಮಾಡಿ’ ಎಂದು ಐದು ಜನ ಪಾತ್ರಧಾರಿಗಳನ್ನು ರಂಗಕ್ಕೆ ಬಿಟ್ಟರೆ, ಪ್ರತಿಯೊಬ್ಬನೂ ತಾನೇ ಗೆದ್ದೆನೆಂದು ಸಾರಿಕೊಂಡಾನು, ಎದುರಾಳಿ ಅದನ್ನು ಒಪ್ಪದೆ ಇದ್ದಾನು, ಜಗಳ ಅಲ್ಲಿಯೇ ನಿಂತೀತು. ನಾಟಕದಲ್ಲಿ ಪುಸ್ತಕ ಮಾಡುವ ಕೆಲಸವನ್ನು ಆಟದಲ್ಲಿ ಮಿತಿಗಳು ಮಾಡುತ್ತವೆ: ಯಾರು ಏನನ್ನು ಮಾಡಬಲ್ಲರು, ಎಷ್ಟು ಸಲ ಮಾಡಬಲ್ಲರು, ಮಾಡಿದ್ದು ಫಲಿಸಿತೇ ಇಲ್ಲವೇ ಎಂಬುದನ್ನು ಅವು ತೀರ್ಮಾನಿಸುತ್ತವೆ.

ಆರ್‌ಪಿಜಿ ಎರಡು ರೂಪದಲ್ಲಿದೆ. ಮೊದಲನೆಯದು ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲ್, ದಾಳ ಹಿಡಿದು ಆಡುವುದು. ಇದರಲ್ಲಿ ಒಬ್ಬರು ಆಟ ನಡೆಸುವವರು. ಅವರನ್ನು ಗೇಮ್ ಮಾಸ್ಟರ್ ಅಥವಾ ಡಂಜನ್ ಮಾಸ್ಟರ್, ಚುಟುಕಾಗಿ ಡಿಎಂ, ಎನ್ನುತ್ತಾರೆ. ಸನ್ನಿವೇಶವನ್ನು ವರ್ಣಿಸುವುದು, ಶತ್ರುಗಳ ಪರವಾಗಿ ಆಡುವುದು, ನಿಯಮದ ತೀರ್ಪು ಕೊಡುವುದು ಅವರ ಕೆಲಸ. ಉಳಿದವರ ಗುಂಪಿಗೆ ಪಾರ್ಟಿ ಎಂದು ಹೆಸರು. ಎರಡನೆಯದು ಕಂಪ್ಯೂಟರ್, ಕನ್ಸೋಲ್ ಅಥವಾ ಮೊಬೈಲಿನಲ್ಲಿ ಆಡುವಂಥದು. ಅಲ್ಲಿ ಡಿಎಂ ಜಾಗದಲ್ಲಿ ಪ್ರೋಗ್ರಾಮ್ ಇರುತ್ತದೆ.

ಯುದ್ಧದ ನಕಾಶೆಯಿಂದ ಹುಟ್ಟಿದ್ದು

ಈ ಆಟಗಳ ಮೂಲವನ್ನು ಹುಡುಕಿಕೊಂಡು ಹೋದರೆ ಕಥೆ ಹೇಳುವವರ ಬದಲು ಸೈನಿಕರು ಸಿಗುತ್ತಾರೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್, ಸೈನ್ಯಾಧಿಕಾರಿಗಳ ತರಬೇತಿಗಾಗಿ ‘ಕ್ರೀಗ್‌ಶ್ಪೀಲ್’ ಎಂಬ ಯುದ್ಧದ ಆಟವನ್ನು ರೂಪಿಸಿದ. ನಕಾಶೆಯ ಮೇಲೆ ತುಕಡಿಗಳನ್ನು ನಡೆಸುವುದು, ಗುಂಡಿನ ದಾಳಿಯ ಪರಿಣಾಮವನ್ನು ದಾಳದಿಂದ ತಿಳಿಯುವುದು, ಎರಡೂ ಕಡೆಯ ನಡುವೆ ಒಬ್ಬ ತೀರ್ಪುಗಾರನಿರುವುದು ಅದರ ಕ್ರಮ. ತರಬೇತಿಯ ಆಟವಾದ್ದರಿಂದ ಕುದುರೆ ದಣಿಯಬೇಕಿತ್ತು, ತುಕಡಿ ಒಂದು ಅವಧಿಯಲ್ಲಿ ಇಷ್ಟೇ ದೂರ ಸಾಗಬೇಕಿತ್ತು. ಮಿತಿಗಳನ್ನು ಕಲಿಸುವುದೇ ಆಟದ ಉದ್ದೇಶವಾಗಿತ್ತು.

ಅಲ್ಲಿಂದ ಒಂದೂವರೆ ಶತಮಾನದ ಹತ್ತಿರ ಬಂದರೆ, 1969ರಲ್ಲಿ ಅಮೆರಿಕದ ಮಿನೆಸೋಟ ಪ್ರಾಂತ್ಯದಲ್ಲಿ ಡೇವಿಡ್ ವೆಸ್ಲಿ ಎಂಬಾತ ‘ಬ್ರೌನ್‌ಸ್ಟೈನ್’ ಎಂಬ ಕಾಲ್ಪನಿಕ ಊರನ್ನು ಇಟ್ಟುಕೊಂಡು ಆಟವೊಂದನ್ನು ನಡೆಸಿದ. ಸೈನ್ಯದ ಬದಲು ಪ್ರತಿಯೊಬ್ಬ ಆಟಗಾರನಿಗೂ ಆ ಊರಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಕೊಟ್ಟ. ಆಟಗಾರರು ತಮ್ಮ ತಮ್ಮಲ್ಲೇ ಸಂಚು ಹೂಡಿದರು, ದ್ವಂದ್ವಯುದ್ಧಕ್ಕೆ ಕರೆದರು, ಅವನು ಸಿದ್ಧಪಡಿಸಿರದ ಪ್ರಶ್ನೆಗಳನ್ನೆಲ್ಲ ಕೇಳಿದರು. ಆಟ ಕೈಮೀರಿ ಹೋಯಿತೆಂದು ವೆಸ್ಲಿ ಅದನ್ನು ಸೋಲೆಂದೇ ಬಗೆದ. ಆಡಿದವರು ಮಾತ್ರ ಮತ್ತೆ ಯಾವಾಗ ಎಂದು ಕೇಳಿದರು. ಪಾತ್ರ ವಹಿಸುವ ಸುಖ ಆ ದಿನವೇ ಗೊತ್ತಾಗಿತ್ತು. ಅದನ್ನು ಹಿಡಿದು ನಿಲ್ಲಿಸುವ ಕಟ್ಟುಪಾಡು ಇನ್ನೂ ಆಗಬೇಕಿತ್ತು. ಆ ಬಳಗದಲ್ಲಿಯೇ ಇದ್ದ ಡೇವ್ ಆರ್ನೆಸನ್ ಮತ್ತು ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಪ್ರಕಟಿಸಿದರು. ಇಂದು ಕಾಣುವ ಆರ್‌ಪಿಜಿಗಳ ಹೆಚ್ಚಿನ ಕಟ್ಟುಪಾಡುಗಳು ಅದರಿಂದ ಇಳಿದು ಬಂದವು.

ಎಲ್ಲ ಬಲ್ಲವನಿಗೆ ಜೊತೆಗಾರ ಬೇಕಿಲ್ಲ

1974ರ ಆ ಆಟದಲ್ಲಿ ಮೂರೇ ವರ್ಗಗಳಿದ್ದವು: ಯೋಧ, ಮಾಂತ್ರಿಕ, ಧರ್ಮಗುರು. ವರ್ಗ, ಅಂದರೆ ಆಟಗಾರರ ಮಾತಿನಲ್ಲಿ ಕ್ಲಾಸ್, ಪಾತ್ರದ ಕಸುಬು. ಯೋಧನಿಗೆ ಯಾವ ಆಯುಧವಾದರೂ ಆದೀತು, ಮಂತ್ರ ಮಾತ್ರ ಬಾರದು. ಮಾಂತ್ರಿಕನು ಕಠಾರಿಯೊಂದನ್ನು ಬಿಟ್ಟರೆ ಬೇರೆ ಆಯುಧ ಹಿಡಿಯುವಂತಿರಲಿಲ್ಲ, ಕವಚವನ್ನೂ ತೊಡುವಂತಿರಲಿಲ್ಲ. ಧರ್ಮಗುರುವಿಗೆ ಅಲಗಿರುವ ಆಯುಧಗಳು ನಿಷಿದ್ಧ. ಗದೆಯಂಥ ಮೊಂಡು ಆಯುಧಗಳು ಮಾತ್ರ ಅವನ ಪಾಲು. ಕಳ್ಳನ ವರ್ಗ ಮರುವರ್ಷ, 1975ರಲ್ಲಿ, ಬಂದು ಸೇರಿತು.

ಈ ನಿಷೇಧಗಳ ಪರಿಣಾಮ ಏನೆಂದು ನೋಡಲು ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯೊಳಗೆ ಸೆರೆಯಾಗಿರುವ ಒಬ್ಬನನ್ನು ನಾಲ್ಕು ಜನರ ಪಾರ್ಟಿ ಒಂದೇ ರಾತ್ರಿಯಲ್ಲಿ ಬಿಡಿಸಿ ತರಬೇಕು. ನಾಲ್ವರೂ ಬಂಡೆ ಹತ್ತಬಲ್ಲರು, ಬೀಗ ತೆಗೆಯಬಲ್ಲರು, ಹೋರಾಡಬಲ್ಲರು, ಮಂತ್ರ ಹಾಕಬಲ್ಲರು ಎಂದಾದರೆ, ಮೊದಲು ಬಾಯಿ ತೆರೆದ ಆಟಗಾರನೇ ‘ನಾನು ಹತ್ತಿ, ಬೀಗ ತೆಗೆದು, ಕರೆತರುತ್ತೇನೆ’ ಎಂದು ಮುಗಿಸಿಬಿಡುತ್ತಾನೆ. ಉಳಿದ ಮೂವರು ಪ್ರೇಕ್ಷಕರು. ಹತ್ತುವುದು ಒಬ್ಬಳಿಗೆ ಮಾತ್ರ ಬರುತ್ತದೆ, ಕಾವಲುಗಾರರನ್ನು ತಡೆಯುವುದು ಇನ್ನೊಬ್ಬನಿಗೆ, ಗಾಯ ಕಟ್ಟುವುದು ಮತ್ತೊಬ್ಬನಿಗೆ ಎಂದಾದಾಗ ನಾಲ್ವರೂ ಮಾತನಾಡಲೇಬೇಕಾಗುತ್ತದೆ, ‘ನೀನು ಮೇಲೆ ಹೋಗಿ ಹಗ್ಗ ಬಿಡು, ಅಲ್ಲಿಯವರೆಗೆ ನಾನು ಇಲ್ಲಿ ನಿಲ್ಲುತ್ತೇನೆ’ ಎಂಬ ಒಪ್ಪಂದ ಆಗಲೇಬೇಕಾಗುತ್ತದೆ.

‘ಕುರುಕ್ಷೇತ್ರ’ದ ಕೃಷ್ಣನು ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಅವನಿಗೆ ಆ ಕಟ್ಟು ಇಲ್ಲದಿದ್ದರೆ ಅರ್ಜುನನ ಪಾತ್ರಕ್ಕೆ ರಂಗದ ಮೇಲೆ ಏನು ಕೆಲಸವಿತ್ತು?

ಕರ್ಣನ ಶಕ್ತ್ಯಾಯುಧ, ಮಾಂತ್ರಿಕನ ಲೆಕ್ಕ

ಆಟಗಾರರನ್ನು ಅತಿ ಹೆಚ್ಚು ಕಾಡುವ ಮಿತಿ, ಮತ್ತು ನನ್ನ ಎಣಿಕೆಯಲ್ಲಿ ಅತ್ಯಂತ ಜಾಣ ಮಿತಿ, ಬಳಕೆಯದು: ಪಾತ್ರಕ್ಕೆ ಒಂದು ಶಕ್ತಿ ಇದೆ, ಆದರೆ ಅದನ್ನು ಬೇಕೆಂದಾಗಲೆಲ್ಲ ಬಳಸುವಂತಿಲ್ಲ.

1974ರ ನಿಯಮದ ಪ್ರಕಾರ ಮೊದಲ ಲೆವೆಲ್‌ನ, ಅಂದರೆ ಬೆಳವಣಿಗೆಯ ಮೊದಲ ಹಂತದ, ಮಾಂತ್ರಿಕ ದಿನಕ್ಕೆ ಒಂದೇ ಒಂದು ಮಂತ್ರ ಹಾಕಬಲ್ಲವನಾಗಿದ್ದ. ಬೆಳಗ್ಗೆ ಅದನ್ನು ಮನನ ಮಾಡಿಕೊಳ್ಳಬೇಕು. ಪ್ರಯೋಗಿಸಿದೊಡನೆ ಅದು ನೆನಪಿನಿಂದ ಅಳಿಸಿಹೋಗುತ್ತದೆ. ಅಮೆರಿಕದ ಲೇಖಕ ಜ್ಯಾಕ್ ವ್ಯಾನ್ಸ್ ತನ್ನ ಕಥೆಗಳಲ್ಲಿ ಕಲ್ಪಿಸಿದ ಮಾಂತ್ರಿಕ ಪದ್ಧತಿಯಿಂದ ಗೈಗ್ಯಾಕ್ಸ್ ಇದನ್ನು ತೆಗೆದುಕೊಂಡ. ಅದರ ಇಂದಿನ ರೂಪಕ್ಕೆ ಸ್ಪೆಲ್ ಸ್ಲಾಟ್ ಎನ್ನುತ್ತಾರೆ: ಒಂದು ಸ್ಲಾಟ್ ಎಂದರೆ ಒಂದು ಸಲ ಮಂತ್ರ ಹಾಕುವ ಅವಕಾಶ. ಉದಾಹರಣೆಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಐದನೆಯ ಆವೃತ್ತಿಯಲ್ಲಿ ಐದನೆಯ ಲೆವೆಲ್‌ಗೆ ಬಂದ ಮಾಂತ್ರಿಕನಿಗೆ ಮೂರನೆಯ ದರ್ಜೆಯ ಸ್ಲಾಟುಗಳು ಎರಡು ಮಾತ್ರ ಇರುತ್ತವೆ. ಆ ದರ್ಜೆಯ ಹೆಸರಾಂತ ಮಂತ್ರವಾದ ‘ಫೈರ್‌ಬಾಲ್’, ಆರು ಮುಖದ ಎಂಟು ದಾಳಗಳನ್ನು ಉರುಳಿಸಿ ಬಂದ ಮೊತ್ತದಷ್ಟು, ಅಂದರೆ ಸರಾಸರಿ 28ರಷ್ಟು, ಹಾನಿಯನ್ನು ತನ್ನ ಸುತ್ತಳತೆಯೊಳಗಿನ ಎಲ್ಲರಿಗೂ ಒಮ್ಮೆಗೇ ಮಾಡುತ್ತದೆ. ಅದನ್ನು ಎಷ್ಟು ಸಲವಾದರೂ ಹಾಕಬಹುದಾಗಿದ್ದರೆ ಪ್ರತಿ ಯುದ್ಧದಲ್ಲಿಯೂ ಮಾಡಬೇಕಾದದ್ದು ಅದೊಂದೇ. ಯೋಚಿಸಲು ಏನೂ ಉಳಿಯುತ್ತಿರಲಿಲ್ಲ. ಎರಡೇ ಇದ್ದಾಗ, ಎದುರಿನ ಏಳು ತೋಳಗಳ ಮೇಲೆ ಈಗಲೇ ಹಾಕಬೇಕೋ, ಬಾಗಿಲಾಚೆ ಇರಬಹುದಾದ ಅರಿಯದ ಶತ್ರುವಿಗೆಂದು ಕಾದಿರಿಸಬೇಕೋ ಎಂಬ ಪ್ರಶ್ನೆ ಹುಟ್ಟುತ್ತದೆ.

ಈ ಪ್ರಶ್ನೆ ನಮಗೆ ಹೊಸತೇನಲ್ಲ. ಇಂದ್ರನು ಕರ್ಣನಿಗೆ ಕೊಟ್ಟ ಶಕ್ತ್ಯಾಯುಧ ಗುರಿ ತಪ್ಪದು, ಆದರೆ ಒಂದೇ ಸಲ ಪ್ರಯೋಗಿಸಬಹುದಾದದ್ದು. ಕರ್ಣ ಅದನ್ನು ಅರ್ಜುನನಿಗೆಂದೇ ತೆಗೆದಿರಿಸಿದ್ದ. ರಾತ್ರಿಯ ಯುದ್ಧದಲ್ಲಿ ಘಟೋತ್ಕಚ ಕೌರವಸೇನೆಯನ್ನು ತುಳಿದು ಹಾಕುತ್ತಿರುವಾಗ, ಇಂದು ಉಳಿಯದಿದ್ದರೆ ನಾಳೆಯ ಅರ್ಜುನನ ಮಾತೆಲ್ಲಿ ಎಂದು ಸುತ್ತಲಿನವರು ಒತ್ತಾಯಿಸಿದಾಗ, ಅವನು ಅದನ್ನು ಘಟೋತ್ಕಚನ ಮೇಲೆ ಬಿಟ್ಟ. ‘ಒಂದೇ ಸಲ’ ಎಂಬ ನಿಯಮವನ್ನು ತೆಗೆದುಹಾಕಿದರೆ ಆ ರಾತ್ರಿಯ ಪ್ರಸಂಗದಲ್ಲಿ ಒಬ್ಬ ರಾಕ್ಷಸನ ಸಾವಷ್ಟೇ ಉಳಿಯುತ್ತದೆ. ಕರ್ಣನ ಸಂಕಟ ಉಳಿಯುವುದಿಲ್ಲ, ಕೃಷ್ಣನ ಸಂತೋಷಕ್ಕೂ ಕಾರಣವಿರುವುದಿಲ್ಲ.

ಸ್ಲಾಟ್ ಮುಗಿದರೆ ವಿಶ್ರಾಂತಿ ಪಡೆದು ಮರಳಿ ತುಂಬಿಕೊಳ್ಳಬಹುದು. ಹಾಗಾದರೆ ಪ್ರತಿ ಕಾಳಗದ ನಂತರವೂ ಮಲಗಿ ಎದ್ದರೆ ಆಯಿತಲ್ಲ ಎಂಬ ಉಪಾಯ ಎಲ್ಲ ಆಟಗಾರರಿಗೂ ಹೊಳೆಯುತ್ತದೆ. ಅದಕ್ಕೇ ವಿಶ್ರಾಂತಿಗೂ ಬೆಲೆ ಕಟ್ಟಲಾಗುತ್ತದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ನಿಯಮಗಳನ್ನು ಆಧರಿಸಿ 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಆಟದಲ್ಲಿ ಒಂದು ದೀರ್ಘ ವಿಶ್ರಾಂತಿಯಿಂದ ಇನ್ನೊಂದಕ್ಕೆ ನಡುವೆ ಸಾಮಾನ್ಯವಾಗಿ ಎರಡೇ ಅಲ್ಪ ವಿಶ್ರಾಂತಿಗಳು ಸಿಗುತ್ತವೆ. ಸಾಧಾರಣ ಕ್ಲಿಷ್ಟತೆಯಲ್ಲಿ ಪೂರ್ಣವಾಗಿ ಚೇತರಿಸಿಕೊಳ್ಳುವ ದೀರ್ಘ ವಿಶ್ರಾಂತಿಗೆ 40 ಅಂಶದಷ್ಟು ಆಹಾರ ಸಾಮಗ್ರಿ ಬೇಕು, ಕಠಿಣ ಮಟ್ಟದಲ್ಲಿ 80. ಆ ಸಾಮಗ್ರಿಯನ್ನು ಹುಡುಕಬೇಕು, ಹುಡುಕಿದ್ದನ್ನು ಹೊರಬೇಕು. ಹೀಗೆ ಒಂದು ಮಿತಿ ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡಿರುತ್ತದೆ. ಒಂದನ್ನು ಸಡಿಲಿಸಿದರೆ ಉಳಿದವೂ ಅಲುಗಾಡುತ್ತವೆ.

ಚಿನ್ನಕ್ಕೆ ತೂಕವಿದ್ದ ಕಾಲ

ಭಾರದ ಮಿತಿಯ ಮೇಲೆ ಬರುವಷ್ಟು ದೂರು ಬೇರೆ ಯಾವುದರ ಮೇಲೂ ಬರಲಿಕ್ಕಿಲ್ಲ. ‘ಇದೇನು ಆಟವೋ, ಗೋದಾಮಿನ ಲೆಕ್ಕವೋ’ ಎಂದು ಬೇಸರಿಸುವವರ ಮಾತಿನಲ್ಲಿ ಹುರುಳಿಲ್ಲವೆಂದೇನೂ ಅಲ್ಲ. ಆದರೆ ಅದು ಹುಟ್ಟಿದಾಗ ಅದಕ್ಕೊಂದು ಖಚಿತವಾದ ಕೆಲಸವಿತ್ತು.

ಮೊದಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಪಾತ್ರ ಬೆಳೆಯುತ್ತಿದ್ದದ್ದು ಮುಖ್ಯವಾಗಿ ನಿಧಿಯಿಂದ. ಒಂದು ಚಿನ್ನದ ನಾಣ್ಯವನ್ನು ಸಂಪಾದಿಸಿದರೆ ಒಂದು ಅನುಭವಾಂಕ, ಅಂದರೆ ಎಕ್ಸ್‌ಪಿ. ಅದು ಸಾಕಷ್ಟು ಸೇರಿದಾಗ ಮುಂದಿನ ಲೆವೆಲ್. ಹೊರುವ ಭಾರವನ್ನು ಅಳೆಯುತ್ತಿದ್ದದ್ದೂ ಚಿನ್ನದ ನಾಣ್ಯಗಳ ಲೆಕ್ಕದಲ್ಲಿಯೇ. ಹೀಗಾಗಿ ನೆಲಮಾಳಿಗೆಗೆ ಇಳಿಯುವ ಮುನ್ನ ಎಷ್ಟು ಕವಚ, ಎಷ್ಟು ಹಗ್ಗ, ಎಷ್ಟು ಪಂಜು ಒಯ್ಯಬೇಕೆಂಬುದು ನೇರವಾಗಿ ಎಷ್ಟು ಬೆಳವಣಿಗೆಯನ್ನು ಹೊತ್ತು ತರಬಲ್ಲೆ ಎಂಬ ಪ್ರಶ್ನೆಯಾಗಿತ್ತು. ದಪ್ಪ ಕವಚ ತೊಟ್ಟವನು ಸುರಕ್ಷಿತ, ಆದರೆ ನಿಧಾನ, ಮತ್ತು ಮರಳುವಾಗ ಅವನ ಚೀಲದಲ್ಲಿ ಜಾಗವಿಲ್ಲ.

ಮುಂದೆ ಕಂಪ್ಯೂಟರ್ ಆಟಗಳು ಈ ಮಿತಿಯನ್ನು ಉಳಿಸಿಕೊಂಡವು, ಕಾರಣವನ್ನು ಹಲವು ಸಲ ಮರೆತವು. 1996ರ ‘ಡಯಾಬ್ಲೋ’ದಲ್ಲಿ ಚೀಲವೆಂದರೆ 40 ಚೌಕಗಳ ಹಲಗೆ, ಕವಚವೊಂದಕ್ಕೆ ಆರು ಚೌಕ ಹೋಗುತ್ತಿತ್ತು, ಚಿನ್ನವೂ ಚೌಕಗಳನ್ನು ನುಂಗುತ್ತಿತ್ತು. 2011ರ ‘ಸ್ಕೈರಿಮ್’ನಲ್ಲಿ ನಾಯಕನು ಆರಂಭದಲ್ಲಿ 300 ಅಂಶದಷ್ಟು ಭಾರ ಹೊರಬಲ್ಲ. ಅದನ್ನು ಮೀರಿದರೆ ಓಡಲಾರ, ನಕಾಶೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಥಟ್ಟನೆ ಹೋಗುವ ಸೌಕರ್ಯವೂ ಇಲ್ಲ. ಅದೇ ಆಟದಲ್ಲಿ ಚಿನ್ನಕ್ಕೆ ತೂಕವೇ ಇಲ್ಲ. ಲಕ್ಷ ನಾಣ್ಯಗಳನ್ನು ಹೊತ್ತರೂ ನಾಯಕ ಗಾಳಿಯಂತೆ ಓಡುತ್ತಾನೆ. ವಾಸ್ತವಿಕತೆಗಾಗಿ ಭಾರದ ನಿಯಮವಿದೆ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. ಯಾವ ವಸ್ತುವಿನ ಬಗ್ಗೆ ಆಟಗಾರ ಯೋಚಿಸಬೇಕೆಂದು ವಿನ್ಯಾಸಕಾರರು ಬಯಸುತ್ತಾರೋ ಅದಕ್ಕೆ ತೂಕ ಕೊಡುತ್ತಾರೆ, ಬೇಡವಾದದ್ದಕ್ಕೆ ತೆಗೆದುಹಾಕುತ್ತಾರೆ, ಅಷ್ಟೇ.

ದಾಳ, ಮತ್ತು ಆಟ ನಡೆಸುವವರಿಗೂ ಇರುವ ಕಟ್ಟು

ಮೇಜಿನ ಆಟದಲ್ಲಿ ಒಂದು ಸೂಕ್ಷ್ಮವಿದೆ. ಅಲ್ಲಿ ಏನನ್ನು ‘ಪ್ರಯತ್ನಿಸಬಹುದು’ ಎಂಬುದಕ್ಕೆ ಹೆಚ್ಚುಕಡಿಮೆ ಮಿತಿಯೇ ಇಲ್ಲ. ಪ್ರಯತ್ನ ‘ಫಲಿಸುತ್ತದೆಯೇ’ ಎಂಬುದಕ್ಕೆ ಇದೆ. ಮಧುಗಿರಿಯ ಬಂಡೆಯನ್ನು ಬರಿಗೈಯಲ್ಲಿ ಹತ್ತುತ್ತೇನೆ ಎಂದು ಯಾರಾದರೂ ಹೇಳಬಹುದು. ಆಗ ಡಿಎಂ ‘15 ಬರಬೇಕು’ ಎನ್ನುತ್ತಾರೆ. ಆಟಗಾರ್ತಿ 20 ಮುಖದ ದಾಳವನ್ನು ಉರುಳಿಸಿ, ತನ್ನ ಪಾತ್ರದ ಕೌಶಲದ ಅಂಕವನ್ನು ಅದಕ್ಕೆ ಕೂಡಿಸುತ್ತಾಳೆ. ಕೌಶಲ 3 ಇದ್ದರೆ ದಾಳದಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು; 20 ಮುಖಗಳಲ್ಲಿ ಅಂಥವು ಒಂಬತ್ತು, ಆದ್ದರಿಂದ ಗೆಲ್ಲುವ ಸಂಭವ ಶೇ 45. ದಪ್ಪ ಕವಚ ತೊಟ್ಟ ಜೊತೆಗಾರನ ಅಂಕ ಮೈನಸ್ 1 ಎಂದಾದರೆ ಅವನಿಗೆ ಶೇ 25. ಮೊದಲು ಹತ್ತಿದವಳು ಮೇಲಿನಿಂದ ಹಗ್ಗ ಬಿಟ್ಟರೆ ಐದನೆಯ ಆವೃತ್ತಿಯ ನಿಯಮದಂತೆ ಡಿಎಂ ‘ಅಡ್ವಾಂಟೇಜ್’ ಕೊಡಬಹುದು: ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು. ಶೇ 45ರ ಸಂಭವ ಅದರಿಂದ ಸುಮಾರು ಶೇ 70ಕ್ಕೆ ಏರುತ್ತದೆ, ಶೇ 25ರದು ಸುಮಾರು ಶೇ 44ಕ್ಕೆ. ಹಗ್ಗ ತರಬೇಕು, ಒಬ್ಬರು ಮೊದಲು ಹತ್ತಬೇಕು ಎಂಬ ಉಪಾಯವು ಈ ಅಂಕಿಗಳಿಂದ ಹುಟ್ಟುತ್ತದೆ. ಹತ್ತುತ್ತೇನೆ ಎಂದವರೆಲ್ಲ ಹತ್ತಿಬಿಡುವುದಾದರೆ ಹಗ್ಗವನ್ನು ಯಾರೂ ನೆನೆಯುವುದಿಲ್ಲ.

ಕಟ್ಟು ಆಟಗಾರರಿಗಷ್ಟೇ ಅಲ್ಲ. ಡಿಎಂ ಸರ್ವಶಕ್ತರು, ಮನಸ್ಸು ಮಾಡಿದರೆ ಬೆಟ್ಟದ ತುದಿಯಲ್ಲಿ ನೂರು ಸೈನಿಕರನ್ನು ನಿಲ್ಲಿಸಬಹುದು. ದಾಳವನ್ನು ಎಲ್ಲರ ಮುಂದೆ ಉರುಳಿಸುವಾಗ, 15 ಎಂದು ಮೊದಲೇ ಹೇಳಿರುವಾಗ, ಅವರ ಕೈಯೂ ಕಟ್ಟಿರುತ್ತದೆ. ತನ್ನ ಪಾತ್ರ ಸತ್ತರೆ ಅದು ಡಿಎಂನ ಸಿಟ್ಟಿನಿಂದಲ್ಲ ಎಂಬ ನಂಬಿಕೆ ಆಟಗಾರನಿಗೆ ಬರುವುದು ಹೀಗೆಯೇ.

ಕಂಪ್ಯೂಟರಿನ ಗೋಡೆಗಳು

ಕಂಪ್ಯೂಟರಿಗೆ ಬಂದಾಗ ಈ ಸ್ವಾತಂತ್ರ್ಯ ಕುಗ್ಗುತ್ತದೆ, ಏಕೆಂದರೆ ಅಲ್ಲಿ ಮೊದಲೇ ಬರೆದಿಡದ ಯಾವುದೂ ಇರುವುದಿಲ್ಲ. ಜಪಾನಿನಲ್ಲಿ 1986ರಲ್ಲಿ ಬಂದ ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ ಇಡಿಯಾಗಿ 64 ಕಿಲೋಬೈಟ್‌ನ ಕಾರ್ಟ್ರಿಜ್‌ನಲ್ಲಿ ಅಡಗಿತ್ತು. ಅದರ ನಾಯಕ ಒಬ್ಬನೇ, ಪಾರ್ಟಿ ಇಲ್ಲ. ಆಟದ ಸ್ಥಿತಿಯನ್ನು ಉಳಿಸಿಕೊಳ್ಳಬೇಕೆಂದರೆ ಆಟದೊಳಗಿನ ರಾಜನ ಬಳಿಗೆ ಹೋಗಿ, ಅವನು ಹೇಳುವ 20 ಅಕ್ಷರಗಳ ಮಂತ್ರವನ್ನು ಕಾಗದದಲ್ಲಿ ಬರೆದುಕೊಂಡು, ಮುಂದಿನ ಸಲ ಅದನ್ನೇ ನಮೂದಿಸಬೇಕಿತ್ತು.

ಇಂದು ಮೆಮೊರಿಯ ಕೊರತೆ ಇಲ್ಲ, ಆದರೂ ಗೋಡೆಗಳಿವೆ. ‘ಬಾಲ್ಡರ್ಸ್ ಗೇಟ್ 3’ರಲ್ಲಿ ಪಾತ್ರ 12ನೆಯ ಲೆವೆಲ್‌ನಲ್ಲಿ ನಿಂತುಬಿಡುತ್ತದೆ, ಮೂಲ ಮೇಜಿನ ಆಟದಲ್ಲಿ ಅದು 20ರವರೆಗೆ ಹೋಗುತ್ತದೆ. ಕಾರಣ ಸರಳ. 13ನೆಯ ಲೆವೆಲ್‌ನಿಂದ ದೊರೆಯುವ ಮಂತ್ರಗಳಲ್ಲಿ ಎಲ್ಲಿಗೆ ಬೇಕಾದರೂ ಕ್ಷಣದಲ್ಲಿ ಹೋಗುವ, ಬೇರೆ ಲೋಕಗಳಿಗೆ ದಾಟುವ, ಕೊನೆಕೊನೆಗೆ ಬಯಸಿದ್ದನ್ನು ಆಗಿಸುವ ಮಂತ್ರಗಳಿವೆ. ಮೇಜಿನಲ್ಲಿ ಡಿಎಂ ಬಾಯಿಮಾತಿನಲ್ಲೇ ಆ ಲೋಕವನ್ನು ಕಟ್ಟಿಕೊಡಬಹುದು. ಕಂಪ್ಯೂಟರಿನಲ್ಲಿ ಅಂಥ ಪ್ರತಿ ಸಾಧ್ಯತೆಗೂ ಚಿತ್ರ, ಧ್ವನಿ, ಸಂಭಾಷಣೆಗಳನ್ನು ಮೊದಲೇ ತಯಾರಿಸಿಟ್ಟಿರಬೇಕು.

ಆಟವನ್ನು ಎಲ್ಲಿ ಸೇವ್ ಮಾಡಬಹುದೆಂಬುದೂ ಒಂದು ಕಟ್ಟುಪಾಡೇ. 1980ರ ‘ರೋಗ್’ ಆಟದಲ್ಲಿ ಪಾತ್ರ ಸತ್ತರೆ ಸತ್ತಂತೆಯೇ. ಹಳೆಯ ಸ್ಥಿತಿಗೆ ಮರಳಿ ಹೋಗಿ ಸಾವನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಪ್ರತಿ ಹೆಜ್ಜೆಗೂ ಸೇವ್ ಮಾಡಬಹುದಾದರೆ ದಾಳ ತನಗೆ ಬೇಕಾದ ಹಾಗೆ ಬೀಳುವವರೆಗೆ ಅದೇ ಕ್ಷಣವನ್ನು ಮತ್ತೆ ಮತ್ತೆ ಆಡಬಹುದು, ಮತ್ತು ಆಡುತ್ತಾರೆ. ಊಟಕ್ಕೆ ಕರೆದಾಗ ‘ಸೇವ್ ಪಾಯಿಂಟ್ ಬರಲಿ’ ಎಂದು ಮಗ ಹೇಳುವುದು ಎಲ್ಲ ಸಲವೂ ನೆಪವಾಗಿರುವುದಿಲ್ಲ; ಕೆಲವು ಆಟಗಳಲ್ಲಿ ಅದು ನಿಜ.

ಮಿತಿ ತೆಗೆದಾಗ ಆದದ್ದೇನು

ಲೆವೆಲ್ ಎಂಬುದು ಕಾಲದ ಮೇಲಿನ ಮಿತಿ: ಈ ಗುಹೆಗೆ ನೀನು ಇನ್ನೂ ತಯಾರಾಗಿಲ್ಲ, ಮೊದಲು ಬೇರೆಡೆ ಬೆಳೆದು ಬಾ. 2006ರ ‘ಒಬ್ಲಿವಿಯನ್’ ಆಟದಲ್ಲಿ ಈ ಗೋಡೆಯನ್ನು ಬಹುಮಟ್ಟಿಗೆ ಕೆಡವಲಾಯಿತು. ಆಟಗಾರ ಎಲ್ಲಿಗೆ ಬೇಕಾದರೂ ಮೊದಲ ದಿನವೇ ಹೋಗಬಹುದು. ಅದಕ್ಕೆ ತಕ್ಕಂತೆ ಶತ್ರುಗಳ ಬಲವೇ ಅವನ ಲೆವೆಲ್‌ನೊಂದಿಗೆ ಏರುತ್ತದೆ. ಕೇಳಲು ಚೆನ್ನಾಗಿದೆ. ಆಡಿದಾಗ ಕಂಡದ್ದು ಬೇರೆ: ನಾಯಕ ಎಷ್ಟು ಬೆಳೆದರೂ ಲೋಕವೂ ಅಷ್ಟೇ ಬೆಳೆಯುತ್ತಿದ್ದುದರಿಂದ ಬೆಳೆದ ಅನುಭವವೇ ಆಗಲಿಲ್ಲ, ದಾರಿಯಲ್ಲಿ ಪುಡಿಗಾಸಿಗೆ ಅಡ್ಡಗಟ್ಟುವ ದರೋಡೆಕೋರರು ರಾಜರಿಗೂ ದುಬಾರಿಯಾಗಬಹುದಾದ ಕವಚಗಳನ್ನು ತೊಟ್ಟು ನಿಂತಿರುತ್ತಿದ್ದರು. ಆಟಗಾರರ ಬಳಗದಲ್ಲಿ ಅದು ಇಂದಿಗೂ ನಗೆಯ ಮಾತು.

ಮಿತಿಯನ್ನು ಹೇಗೆ ಹೇಳುತ್ತೇವೆ ಎಂಬುದೂ ಮುಖ್ಯ ಎನ್ನುವುದಕ್ಕೆ 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಪ್ರಸಂಗವೊಂದಿದೆ. ಬಿಡುಗಡೆಗೆ ಮುಂಚಿನ ಪರೀಕ್ಷೆಯ ಹಂತದಲ್ಲಿ, ಬಹಳ ಹೊತ್ತು ಆಡಿದವರ ಪಾತ್ರ ದಣಿದು ಅರ್ಧದಷ್ಟೇ ಎಕ್ಸ್‌ಪಿ ಪಡೆಯುವಂತೆ ಮಾಡಿದ್ದರು. ಆಡಿದವರು ಅದನ್ನು ಶಿಕ್ಷೆಯೆಂದು ದ್ವೇಷಿಸಿದರು. ವಿನ್ಯಾಸಕಾರರು ಲೆಕ್ಕವನ್ನು ತಿರುವಿ ಹಾಕಿದರು. ದಣಿದ ಮೇಲೆ ಸಿಗುವುದನ್ನು ಸಾಮಾನ್ಯ ದರವೆಂದು ಕರೆದು, ಆಟ ಬಿಟ್ಟು ವಿಶ್ರಮಿಸಿ ಬಂದವರಿಗೆ ಶತ್ರುವಧೆಯಿಂದ ಇಮ್ಮಡಿ ಎಕ್ಸ್‌ಪಿ ಎಂದು ಘೋಷಿಸಿದರು. ದೂರು ನಿಂತಿತು.

ಹಣ ಕೊಟ್ಟರೆ ಸಡಿಲವಾಗುವ ಮಿತಿ

ಇಲ್ಲಿಯವರೆಗಿನ ಮಿತಿಗಳೆಲ್ಲ ಆಟಗಾರನ ಮುಂದೆ ಒಂದು ಆಯ್ಕೆಯನ್ನು ಇಡುವಂಥವು. ಮೊಬೈಲ್ ಆರ್‌ಪಿಜಿಗಳಲ್ಲಿ ಇನ್ನೊಂದು ಬಗೆಯದಿದೆ. ಅದು ಆಯ್ಕೆಯನ್ನು ಕೊಡುವುದಕ್ಕಿಂತ ಹೆಚ್ಚಾಗಿ ಕಾಯಿಸುತ್ತದೆ. ಮನೆಯವರು ಗಮನವಿಡಬೇಕಾದದ್ದು ಇದರ ಮೇಲೆ.

2020ರಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದಲ್ಲಿ ‘ರೆಸಿನ್’ ಎಂಬುದೊಂದಿದೆ. ಬಲವಾದ ಶತ್ರುಗಳನ್ನು ಗೆದ್ದ ಮೇಲೆ ಬಹುಮಾನವನ್ನು ತೆಗೆದುಕೊಳ್ಳಲು ಅದನ್ನು ತೆರಬೇಕು. ಒಂದು ಅಂಶ ಮರಳಿ ತುಂಬಲು ಎಂಟು ನಿಮಿಷ. ಗರಿಷ್ಠ ಸಂಗ್ರಹ ಆರಂಭದಲ್ಲಿ 120 ಇದ್ದದ್ದು ಅದೇ ವರ್ಷ 160ಕ್ಕೆ, 2024ರಲ್ಲಿ 200ಕ್ಕೆ ಏರಿತು. ಪೂರ್ತಿ ಬರಿದಾದದ್ದು 200ಕ್ಕೆ ಬರಲು 26 ಗಂಟೆ 40 ನಿಮಿಷ ಬೇಕು. ಇದರಿಂದ ಎರಡು ಕೆಲಸವಾಗುತ್ತವೆ. ದಿನವಿಡೀ ಆಡುವವನು ದಿನಕ್ಕೊಂದು ಗಂಟೆ ಆಡುವವನಿಗಿಂತ ತೀರಾ ಮುಂದೆ ಓಡಿಹೋಗದಂತೆ ತಡೆಯುವುದು ಒಂದು. ತುಂಬಿದ ಮೇಲೆ ಬಳಸದಿದ್ದರೆ ಮುಂದಿನದು ವ್ಯರ್ಥವಾಗುತ್ತದೆ ಎಂಬ ಭಾವನೆ ಹುಟ್ಟಿಸಿ ಪ್ರತಿದಿನ ಆಟಕ್ಕೆ ಮರಳಿಸುವುದು ಇನ್ನೊಂದು. ಈ ಎರಡನೆಯದರಲ್ಲಿ ಪಾತ್ರಕ್ಕಾಗಲಿ ಕಥೆಗಾಗಲಿ ಏನೂ ಲಾಭವಿಲ್ಲ.

ಒಂದು ಆಟದಲ್ಲಿನ ಮಿತಿ ಯಾವ ಬಗೆಯದೆಂದು ತಿಳಿಯಲು, ಅದನ್ನು ದುಡ್ಡು ಕೊಟ್ಟು ಸರಿಸಬಹುದೇ ಎಂದು ನೋಡಿದರೆ ಸಾಕಾಗುತ್ತದೆ. ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಕೆಳಗೆ ‘ಇನ್-ಆ್ಯಪ್ ಪರ್ಚೇಸಸ್’ ಎಂಬ ಸೂಚನೆ ಇದ್ದರೆ, ಏನನ್ನು ಮಾರುತ್ತಿದ್ದಾರೆ ಎಂದು ಆಟದೊಳಗಿನ ಅಂಗಡಿಯನ್ನು ತೆರೆದು ನೋಡಬೇಕು. ಉಡುಪು, ಬಣ್ಣಗಳನ್ನಷ್ಟೇ ಮಾರುವುದು ಬೇರೆ, ಕಾಯುವಿಕೆಯಿಂದ ಬಿಡುಗಡೆಯನ್ನು ಮಾರುವುದು ಬೇರೆ. ಗೆನ್‌ಶಿನ್‌ನಲ್ಲಿ ರೆಸಿನ್ ಅನ್ನು ಆಟದ ಹರಳುಗಳಿಂದ ಮರಳಿ ತುಂಬಿಸಿಕೊಳ್ಳಬಹುದು, ಆ ಹರಳುಗಳನ್ನು ಆಡಿ ಗಳಿಸಬಹುದು ಅಥವಾ ಹಣ ಕೊಟ್ಟು ಪಡೆಯಬಹುದು. ಆದರೆ ದಿನಕ್ಕೆ ಆರು ಸಲ ಮಾತ್ರ, ಅದೂ ಸಲದಿಂದ ಸಲಕ್ಕೆ ಬೆಲೆ ಏರುತ್ತಾ ಹೋಗುತ್ತದೆ. ಹಣವುಳ್ಳವನು ಒಂದೇ ದಿನದಲ್ಲಿ ಆಟವನ್ನೆಲ್ಲ ನುಂಗಿ ಮುಗಿಸಿದರೆ ಮರುದಿನ ಅವನಿಗೆ ಮಾರಲು ಏನೂ ಉಳಿಯುವುದಿಲ್ಲವಾದ್ದರಿಂದ, ಮಿತಿಯನ್ನು ಕೊಳ್ಳುವುದಕ್ಕೂ ಅಲ್ಲಿ ಮಿತಿಯಿದೆ.